ಬಿಸಿಲಾಗ ಸ್ವೆಟರ್ ಹಾಕಿದ ಹುಡುಗಿ

ಹತ್ರ ಬರ್ರಿ, ಇದು ಜೋರಾಗಿ ಹೇಳೋ ಮಾತಲ್ಲ. ಓದಿ ನಿಮ್ಮ ಹೊಟ್ಟಿಯಾಗ ಇಟ್ಕೊಳ್ರಿ, ನನ್ನ ಹೆಸರು ಮಾತ್ರ ಹೊರಗ ಬರಬಾರದು. ನಮ್ಮ ಕೊಟ್ಟೂರಿನ ಓಣಿಯಾಗ ಜೂನ್ ಬಂತಂದ್ರ ಇಂಥವು ಆಗ್ತಾನ ಇರ್ತಾವು. ಸಾಲಿಗೆ ಹೋಗಾಕ ಮಕ್ಳು ಅಳೋದಕ್ಕಿಂತ ಮೊದ್ಲ, ಯಾವ ಸಾಲಿ ಅಂತ ದೊಡ್ಡೋರು ಜಗಳ ತಗದಿರ್ತಾರ.

೧. ನಮ್ಮನಿ ಇಂಗ್ಲಿಷ್

ಮೊಮ್ಮಗಳನ್ನ ಒಂದನೇ ಕ್ಲಾಸಿಗೆ ಹಾಕೋದಿತ್ತು. ಸೊಸಿ ಗುಡೇಕೋಟಿಯಾಕಿ, ಸರ್ಕಾರಿ ಸಾಲ್ಯಾಗ ಕಲ್ತು ದಿನಾ ಪೇಪರ್ ಓದಾಕಿ. ಇವಳಿಗೂ ಸರ್ಕಾರಿ ಸಾಲಿನ ಸಾಕು ಅಂದ್ಲು. ನನಗ ಕಾನ್ವೆಂಟ ಆಗಬೇಕು. ಎದುರುಮನಿ ಟೀಚರಮ್ಮ ಅಲ್ಲೇ ಇಂಗ್ಲಿಷ್ ಕಲಸ್ತಾಳ. ನಮ್ಮ ಹುಡುಗಿ ಟೈ ಕಟ್ಕೊಂಡು ಹೋಗೋದು ನೋಡಿ ಓಣಿಗೆ ಓಣಿನ ಹೊಟ್ಟಿ ಉರ್ಕೋಬೇಕು. ಮಗ ಇಬ್ಬರ ನಡುವ ಸಿಕ್ಕು, ಒಮ್ಮೆ ನೋಡಿ ಬರ್ರಿ ಅಂದ.

ಸೊಸಿ, ಮೊಮ್ಮಗಳು, ನಾನು ಕಾನ್ವೆಂಟಿಗೆ ಹೋದ್ವಿ. ಕೇಳಿದ್ದಕ್ಕೆಲ್ಲಾ ಮೊಮ್ಮಗಳು ಪಟಪಟ ಹೇಳಿದ್ಲು. ಆಮ್ಯಾಲೆ ದೊಡ್ಡ ಮೇಡಂ ನನ್ನ ಕಡೆ ತಿರುಗಿ, ನಿಮ್ಮನಿಯಾಗ ಇಂಗ್ಲಿಷ್ ಐತೇನಜ್ಜಿ ಅಂದ್ರು. ನಾ ಬಿಡ್ತೀನೇನು.

"ಬಿಪಿ ಐತ್ರಿ, ಶುಗರ್ ಐತ್ರಿ, ಗ್ಯಾಸ್ ಅಂತೂ ದಿನಾ ಐತ್ರಿ. ನನ್ನ ಮೈಯಾಗ ಇರೋದೆಲ್ಲಾ ಇಂಗ್ಲಿಷ ರೀ."

ಸೀಟು ಐತಿ, ವಾರದಾಗ ಹೇಳ್ರಿ ಅಂದ್ರು. ಸೊಸಿ ಮನಿ ಮುಟ್ಟೋ ತನಕ ಸೆರಗಿನಾಗ ಮುಖ ಮುಚ್ಕೊಂಡಾ ಬಂದ್ಲು. ಅತ್ಲೋ ನಕ್ಲೋ, ಈಗ್ಲೂ ಹೇಳವಲ್ಲಳು.

೨. ಸ್ವೆಟರ್

ಸೀಟು ಹಿಡಿಯೋಕಿಂತ ಮೊದ್ಲು ಟೀಚರಮ್ಮನ್ನ ಒಂದು ಮಾತು ಕೇಳೋಣ ಅಂತ ಹೋದೆ. ನಮ್ಮ ಸಾಲಿ ಚಲೋ ಐತ್ರಿ ಅಂದ್ಲು. ಆದ್ರ ನನ್ನ ಮುಖ ನೋಡ್ಲಿಲ್ಲ, ಬಿಡಿಸ್ತಿದ್ದ ಬೆಳ್ಳುಳ್ಳಿ ನೋಡ್ಕೋತ ಅಂದ್ಲು. ನನ್ನ ಮೂಗು ಸುಮ್ಮನ ಕುಂದ್ರೋ ಮೂಗಲ್ಲ. ಅಕಿ ಮಗಳು ಎರಡನೇ ಕ್ಲಾಸು, ದಿನಾ ತಾಯಿ ಸ್ಕೂಟಿ ಹಿಂದ ಕುಂತು ಹೋಗ್ತಾಳ, ತಾಯಿ ಸಾಲಿಗೇ ಅಂತ ಓಣಿಯೆಲ್ಲಾ ತಿಳ್ಕೊಂಡಿತ್ತು. ಅಲ್ಲಿ ತನಕ ನನಗ ಹೊಳದಿದ್ದಿಲ್ಲ ನೋಡ್ರಿ. ಕೊಟ್ಟೂರಿನ ಬಿಸಿಲಾಗ ಆ ಕೂಸು ಕುತ್ತಿಗಿ ತನಕ ಗುಂಡಿ ಹಾಕಿದ ಸ್ವೆಟರ್ ಯಾಕ ಹಾಕ್ಕೊಂತೈತಿ?

ಮರುದಿನ ಕೊತ್ತಂಬ್ರಿ ತರೋ ನೆವ ಮಾಡಿ ಓಣಿ ತಿರುವಿನಾಗ ನಿಂತೆ. ಎಡಕ್ಕ ಕಾನ್ವೆಂಟು. ಸ್ಕೂಟಿ ಬಲಕ್ಕ ಹೋತು. ಸರ್ಕಾರಿ ಸಾಲಿ ಹಿಂದಿನ ಗೇಟಿಗೆ ನಿಂತು ಟೀಚರಮ್ಮ ಸ್ವೆಟರ್ ಬಿಚ್ಚಿದ್ಲು. ಒಳಗ ಸರ್ಕಾರ ಕೊಟ್ಟ ನೀಲಿ ಅಂಗಿ. ಸ್ವೆಟರ್ ಡಿಕ್ಕಿಯಾಗ ಹೋತು, ಕೂಸು ಸಾಲ್ಯಾಗ ಹೋತು, ನನ್ನ ಕೊತ್ತಂಬ್ರಿ ಮರತಾ ಹೋತು.

೩. ನನ್ನ ಚೀಲ

ತಾಯಿ ಅತ್ಲಾಗ ಹೋದ ಮ್ಯಾಲೆ ನಾ ಕಿಟಕ್ಯಾಗ ಇಣುಕಿದೆ. ಮಕ್ಳು ನೆಲದ ಮ್ಯಾಲೆ ಗುಂಪು ಗುಂಪಾಗಿ ಕುಂತು ಕಾರ್ಡು ಹಿಡಕೊಂಡು ಓದ್ತಿದ್ವು. ಆ ಹುಡುಗಿ ನನ್ನ ನೋಡಿ ಓಡಿ ಬಂದು, ನನ್ನ ಕೈಚೀಲದ ಮ್ಯಾಲಿನ ಇಂಗ್ಲಿಷ್ ಅಕ್ಷರ ಬೆರಳಿಟ್ಟು ಕೂಡಿಸಿ ಓದಿದ್ಲು: ಚಿಕನ್ ಫೀಡ್. ಹಂಗಂದ್ರೇನ ಕೂಸೇ ಅಂದೆ. ಕೋಳಿ ತಿನ್ನೋ ಕಾಳು ಅಂತಜ್ಜಿ ಅಂದ್ಲು.

ಎರಡು ವರ್ಷದಿಂದ ಸೋಮವಾರಕ್ಕೊಮ್ಮೆ ಆ ಚೀಲದಾಗ ಗುಡಿಗೆ ಕಾಯಿ ಒಯ್ತಿದ್ದೆ ನಾನು. ದಿನಾ ನಮಸ್ಕಾರ ಮಾಡೋ ಕಾನ್ವೆಂಟ್ ಹುಡುಗ್ರು ಒಬ್ರೂ ಹೇಳಿದ್ದಿಲ್ಲ.

ಅವತ್ತ ಸೊಸಿ ಗೆದ್ಲು. ಮೊಮ್ಮಗಳ ಹೆಸರು ಸರ್ಕಾರಿ ಸಾಲ್ಯಾಗ ಹಚ್ಚಿ ಬಂದ್ವಿ.

೪. ಎದುರುಮನಿಯಾಕಿ ಬಂದ್ಲು

ಸ್ವೆಟರಿನ ಸುದ್ದಿ ನಾ ಬರೇ ಐದು ಮಂದಿಗೆ ಹೇಳೀನಿ. ಐದೂ ಮಂದಿಗೆ ಯಾರಿಗೂ ಹೇಳಬ್ಯಾಡ್ರಿ ಅಂತ ಹೇಳೇ ಹೇಳೀನಿ. ಎಂಟು ದಿನದಾಗ ನಮ್ಮ ಓಣಿಯಿಂದ ಇನ್ನೂ ಆರು ಕೂಸು ಆ ಸಾಲಿಗೆ ಹೋದ್ವು. ಒಂಬತ್ತನೇ ದಿನಕ್ಕ ಟೀಚರಮ್ಮ ನಮ್ಮ ಬಾಗಿಲಿಗೆ ಬಂದು ನಿಂತ್ಲು. ಅಕಿ ಅನ್ನಕ್ಕ ನಾ ಕಲ್ಲು ಹಾಕಿದೆ ಅಂದ್ಕೊಂಡೆ.

"ಕೆಲಸ ಹೋತೇನವ್ವಾ?" ಅಂದೆ.

ಹೋಗಿಲ್ಲಂತ. ದೊಡ್ಡ ಮೇಡಂ ಬೈದಾರ, ಆ ಪಗಾರಕ್ಕ ಇನ್ನೊಬ್ಬಾಕಿ ಸಿಗಂಗಿಲ್ಲ ಅಂತ ಸುಮ್ಮನಾಗ್ಯಾರ. ನಿಮ್ಮಿಂದ ಸ್ವೆಟರ್ ತಪ್ಪಿತು, ಮಗಳು ಬೆವರೋದು ನಿಂತೈತಿ ಅಂದ್ಲು. ನನಗ ಧೈರ್ಯ ಬಂತು. ನೀ ಇಂಗ್ಲಿಷ್ ಕಲಸೋ ಸಾಲಿ ಬಿಟ್ಟು ಮಗಳನ್ನ ಸರ್ಕಾರಿ ಸಾಲಿಗೆ ಯಾಕ ಹಾಕಿದಿ ಅಂತ ಕೇಳೇಬಿಟ್ಟೆ.

ಈ ಸಲ ಅಕಿ ಬೆಳ್ಳುಳ್ಳಿ ನೋಡ್ಲಿಲ್ಲ, ನನ್ನ ಮುಖಾನ ನೋಡಿ ಅಂದ್ಲು:

"ಅಲ್ಲಿ ಇಂಗ್ಲಿಷ್ ಕಲಸಾಕಿ ನಾನ ಅಲ್ಲೇನಜ್ಜಿ? ನನ್ನ ಇಂಗ್ಲಿಷ್ ನನಗ ಗೊತ್ತಿಲ್ಲೇನು?"