ಮೂರನೇ ಮೆಟ್ಟಿಲಿನ ಅಭಿಮಾನಿಗಳು

ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಹಳೆಯ ಅನುಭವಸ್ಥ. ಚಿಕ್ಕವನಿದ್ದಾಗ ನಮ್ಮಣ್ಣ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡ. ಮನೆಯವರೆಲ್ಲ ಅವನ ಸುತ್ತ ಕೂತು ಹಾಲು ಬ್ರೆಡ್ಡು ತಿನ್ನಿಸುವುದನ್ನು ನೋಡಿ, ನನ್ನ ಎರಡೂ ಕೈ ಗಟ್ಟಿಯಾಗಿವೆಯಲ್ಲ ಎಂದು ಅತ್ತವನು ನಾನು. ಈಗಲೂ ಆಫೀಸಿನಲ್ಲಿ ಪಕ್ಕದ ಮೇಜಿನವರ ಡಬ್ಬಿಯಲ್ಲಿ ಎಣ್ಣೆಗಾಯಿ ಕಂಡರೆ ನನ್ನ ಡಬ್ಬಿಯ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಇಂಥವು ನಿಮಗೂ ಇರುತ್ತವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಆದರೆ ಗೆದ್ದವರನ್ನು ಕಂಡು ಕರುಬುವುದು ಬೇರೆ, ಸೋಲುತ್ತಲೇ ಇರುವ ತಂಡವೊಂದರ ಮೇಲೆ ನನಗಿಂತ ಹೆಚ್ಚು ಆಸೆ ಇಟ್ಟುಕೊಂಡ ಮನುಷ್ಯನನ್ನು ಕಂಡು ಕರುಬುವುದು ಬೇರೆ. ಈ ಎರಡನೆಯದು ನನ್ನ ಪಾಲಿಗೆ ಬಂತು.

ನಾನು ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತ, ಮನೆ ಹೊಸಪೇಟೆಯಲ್ಲಿ. ಎರಡು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ದಿನಾ ಒಂದು ತಾಸು ನಡೆಯಲೇಬೇಕೆಂದು ಡಾಕ್ಟರು ಗದರಿಸಿದರು. ಸಂಜೆ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿದು ನಡೆಯತೊಡಗಿದೆ. ದಾರಿಯಲ್ಲಿ ಒಂದು ಹೆಣ್ಣುಮಕ್ಕಳ ಕಾಲೇಜು, ಅದರ ಬಯಲಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣ, ಪಕ್ಕದಲ್ಲಿ ಐದು ಕಲ್ಲಿನ ಮೆಟ್ಟಿಲು. ಮೊದಲ ದಿನ ಚಪ್ಪಲಿಗೆ ಸೇರಿದ ಹರಳು ತೆಗೆಯಲು ಮೂರನೇ ಮೆಟ್ಟಿಲ ಮೇಲೆ ಕೂತೆ. ಹರಳು ತೆಗೆಯಲು ಒಂದು ತಾಸು ಹಿಡಿಯಿತು. ಮರುದಿನ ಹರಳು ಇಲ್ಲದೆಯೂ ಕೂತೆ. ಸಕ್ಕರೆ ಇಳಿಯಲಿಲ್ಲ, ಆದರೆ ನಾನೊಬ್ಬ ಕ್ರೀಡಾಭಿಮಾನಿಯಾದೆ.

ಸುತ್ತಲಿನ ಎಂಟು ಕಾಲೇಜುಗಳು ಸೇರಿ ಒಂದು ಲೀಗ್ ಮಾಡಿಕೊಂಡಿವೆ. ಶನಿವಾರ ಸಂಜೆ ಮ್ಯಾಚು, ಎಲ್ಲವೂ ಇದೇ ಅಂಕಣದಲ್ಲಿ. ನಮ್ಮ ಹುಡುಗಿಯರು ಗೆದ್ದದ್ದನ್ನು ನಾನು ಕಂಡೇ ಇರಲಿಲ್ಲ. ಚೆಂಡು ಅವರ ಕೈಗೆ ಬರುತ್ತಿತ್ತು, ಬುಟ್ಟಿಯ ತನಕವೂ ಹೋಗುತ್ತಿತ್ತು, ಅಲ್ಲಿ ಕಂಬಿಯ ಮೇಲೆ ಒಂದು ಸುತ್ತು ಹಾಕಿ, ಒಳಗೆ ಬೀಳಲು ನಾಚಿಕೊಂಡು ಹೊರಗೆ ಬೀಳುತ್ತಿತ್ತು. ಆದರೂ ನಾನು ಶನಿವಾರ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಕೊಂಡು ಹೋಗುತ್ತಿದ್ದೆ, ಗೆದ್ದರೆ ಫೋಟೋ ತೆಗೆಯುತ್ತಾರಲ್ಲ ಎಂದು. ಕಾರಣ ಕ್ಯಾಪ್ಟನ್ ರೇಣುಕಾ. ಪಾಪಿನಾಯಕನಹಳ್ಳಿಯ ಹುಡುಗಿ, ತಂಡದಲ್ಲೆಲ್ಲ ಗಿಡ್ಡ. ಸೋತ ಮೇಲೆ ತಾನೇ ಚೆಂಡುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತ, "ಮುಂದಿನ ಶನಿವಾರ ನೋಡ್ರಿ ಸರ್" ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಈ ವರ್ಷ ಅವಳದು ಕೊನೆಯ ವರ್ಷ. ಒಂದೇ ಒಂದು ಗೆಲುವನ್ನು ಅವಳು ಕಾಣಬೇಕು, ಅದನ್ನು ನಾನು ಕಾಣಬೇಕು, ಇಷ್ಟೇ ನನ್ನ ಆಸೆ. ತಂಡದ ನಂಬರ್ ಒನ್ ಅಭಿಮಾನಿ ನಾನೇ. ನಂಬರ್ ಎರಡು ಇರಲಿಲ್ಲವಾದ್ದರಿಂದ ತಕರಾರೂ ಇರಲಿಲ್ಲ.

ಆಮೇಲೆ ಬಂದರು ಗುರುಬಸಪ್ಪ. ಕಂಪ್ಲಿ ಕಡೆ ಎಮ್ಮಿಗನೂರಿನವರು, ಅಕ್ಕಿ ಗಿರಣಿ ಇಟ್ಟುಕೊಂಡವರು, ಅರವತ್ತು ದಾಟಿದ ದೊಡ್ಡ ಆಸಾಮಿ. ಈ ಸೀಜನ್ನಿನ ಮೊದಲ ಶನಿವಾರ ಗಿರಣಿಗೆ ಬೆಲ್ಟು ಕೊಳ್ಳಲು ಹೊಸಪೇಟೆಗೆ ಬಂದಿದ್ದರಂತೆ. ಗದ್ದಲ ಕೇಳಿ ಒಳಗೆ ಬಂದು, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡೇ ನನ್ನ ಪಕ್ಕ ಕೂತು, "ಇದರಾಗ ಔಟ್ ಯಾವಾಗ ಆಗ್ತಾರ್ರಿ?" ಎಂದು ಕೇಳಿದರು. ನಾನೇ, ಈ ಬಾಯಿಂದಲೇ, ಅವರಿಗೆ ಆಟ ಕಲಿಸಿದೆ. ಮೂರು ವಾರದಲ್ಲಿ ಹುಡುಗಿಯರು ಅವರನ್ನು "ಕಾಕಾ" ಎಂದು ಕರೆಯತೊಡಗಿದರು. ಎರಡು ವರ್ಷ ಕಲ್ಲು ಸವೆಸಿದ ನಾನು "ಸರ್" ಆಗಿಯೇ ಉಳಿದೆ.

ಕಾಕಾ ಬರುವಾಗ ಒಂದು ಚೀಲ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬರುತ್ತಿದ್ದರು, ಜೊತೆಗೆ ಬಿಸಿ ಮಿರ್ಚಿ. ನಾನೂ ಒಮ್ಮೆ ಬಾದಾಮಿ ಪುಡಿಯ ಹಾಲು ಮಾಡಿಸಿಕೊಂಡು ಹೋದೆ. ಹುಡುಗಿಯರು ಸರ್ಕಾರಿ ಸುತ್ತೋಲೆ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು "ಥ್ಯಾಂಕ್ಸ್ ಸರ್" ಅಂದರು. ಮಿರ್ಚಿಯೊಂದೇ ಆಗಿದ್ದರೆ ಸಹಿಸಬಹುದಿತ್ತು. ನನಗೆ ಉರಿದದ್ದು ಅವರ ಆಸೆ ನೋಡಿ. ಇಪ್ಪತ್ತು ಪಾಯಿಂಟಿನಿಂದ ಸೋತ ವಾರ ನಾನು ಮಾತು ಹುಡುಕುತ್ತಿದ್ದಾಗ ಅವರು ಎದ್ದು ನಿಂತು, "ಹೋದ ವಾರ ಇಪ್ಪತ್ತೆರಡರಿಂದ ಸೋತಿದ್ವಿ. ಎರಡು ಕಮ್ಮಿ ಆದ್ವಲ್ರವ್ವಾ! ಹಿಂಗ ಹೋದ್ರ ಯಾರು ಹಿಡೀತಾರ ನಮ್ಮನ್ನ?" ಎಂದು ಕೂಗಿದರು. ಅಳುಮುಖ ಹಾಕಿಕೊಂಡಿದ್ದ ಹುಡುಗಿಯರು ನಕ್ಕುಬಿಟ್ಟರು. ಆ ಲೆಕ್ಕ ನನಗೆ ಯಾಕೆ ಹೊಳೆಯಲಿಲ್ಲ? ಕಾಲುವೆ ನೀರಿನ ಮಟ್ಟ ಏರಿದ್ದು ಇಳಿದದ್ದನ್ನು ಬರೆಯುತ್ತಲೇ ಇಪ್ಪತ್ತು ವರ್ಷ ಕಳೆದವನು ನಾನು!

ಮನೆಯಲ್ಲಿ ಹೆಂಡತಿ ಸುಮಂಗಲಾಗೆ ಇದನ್ನೆಲ್ಲ ಹೇಳಿಕೊಂಡರೆ, "ಗೆಲ್ಲೋರ ಸಲುವಾಗಿ ಜಗಳ ಆಡೋರನ್ನ ನೋಡೀನಿ. ಸೋಲೋರ ಸಲುವಾಗಿ ಪೈಪೋಟಿ ಮಾಡೋರು ನೀವೊಬ್ರ ನೋಡ್ರಿ" ಅಂದಳು. ಅವಳಿಗೇನು ಗೊತ್ತು? ನನ್ನನ್ನು ಕೊರೆಯುತ್ತಿದ್ದ ಭಯವೇ ಬೇರೆ. ತಂಡ ಒಂದಲ್ಲ ಒಂದು ದಿನ ಗೆಲ್ಲುತ್ತದೆ. ಆ ದಿನ ನಾನು ಇಲ್ಲದೆ, ಕಾಕಾ ಒಬ್ಬರೇ ಇದ್ದುಬಿಟ್ಟರೆ?

ಹಾಗೆಯೇ ಆಗುವ ಸಂದರ್ಭ ಬಂತು. ಐದು ಮ್ಯಾಚು ಸೋತಾಗಿತ್ತು, ಉಳಿದದ್ದು ಎರಡು. ಆರನೆಯದರ ದಿನವೇ ಸಂಡೂರಿನಲ್ಲಿ ನನ್ನ ಹೆಂಡತಿಯ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮೈ ಸರಿಯಿಲ್ಲ ಅಂದೆ, ಆಫೀಸಿನ ಕೆಲಸ ಅಂದೆ, ಸುಮಂಗಲಾ ನನ್ನ ಇಸ್ತ್ರಿ ಅಂಗಿಯನ್ನೇ ತಂದು ಮುಂದಿಟ್ಟಳು. ಸಂಡೂರು ಸೇರಿದೆ. ಸಂಜೆ ಹೆಂಗಸರು ತೊಟ್ಟಿಲ ಸುತ್ತ ಜೋಗುಳ ಹಾಡುತ್ತಿದ್ದಾಗ ಜೇಬಿನಲ್ಲಿ ಫೋನು ಗುರುಗುಟ್ಟಿತು. ಕಾಕಾ.

"ಸರ್ರಾ, ಐದು ನಿಮಿಷ ಉಳದೈತಿ. ನಾಲ್ಕು ಪಾಯಿಂಟ್ ಮುಂದ ಅದೀವ್ರಿ! ರೇಣುಕಾ ಮಸ್ತ್ ಆಡಾಕತ್ತಾಳ್ರಿ! ನೀವು ಇರಬೇಕಿತ್ತು ನೋಡ್ರಿ!"

ಕುಣಿದಾಡಬೇಕಿತ್ತು. ಬದಲಿಗೆ ನನ್ನ ಕಣ್ಣ ಮುಂದೆ ಬಂದದ್ದು ಒಂದು ಫೋಟೋ: ನಡುವೆ ಕಪ್ಪು ಮೀಸೆಯ ಕಾಕಾ, ಸುತ್ತ ನಗುವ ಹುಡುಗಿಯರು, ಮೂರನೇ ಮೆಟ್ಟಿಲು ಖಾಲಿ. ಕಾಕಾ ಮೀಸೆಗೆ ಬಣ್ಣ ಹಚ್ಚುತ್ತಾರೆಂಬುದೂ ಆಗಲೇ ನೆನಪಾಯಿತು. ಸೀದಾ ದೇವರ ಮನೆಗೆ ಹೋದೆ. ಅಲ್ಲಿ ವಿರೂಪಾಕ್ಷನ ಪಟವಿತ್ತು. ಕಣ್ಣು ಮುಚ್ಚಿ ಕೈ ಮುಗಿದು, ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, "ಇವತ್ತು ಬೇಡಪ್ಪಾ. ಇದೊಂದು ದಿನ ಸೋಲಲಿ. ಮುಂದಿನ ವಾರ ನಾನಿರುತ್ತೇನೆ, ಆಗ ಗೆಲ್ಲಿಸು" ಎಂದು ಬೇಡಿಕೊಂಡೆ. ಹಿಂದೆ ನಿಂತಿದ್ದ ಅತ್ತೆಯವರು, "ಕೂಸಿನ ಮ್ಯಾಲ ಎಷ್ಟು ಪ್ರೀತಿ ನೋಡ್ರಿ ಅಳಿಯಂದ್ರಿಗೆ!" ಎಂದು ಕಣ್ಣೊರೆಸಿಕೊಂಡರು.

ಒಂದು ಪಾಯಿಂಟಿನಿಂದ ಸೋತೆವು. ಮತ್ತೆ ಫೋನು ಮಾಡಿದ ಕಾಕಾ ಸ್ಕೋರನ್ನು ಎರಡೆರಡು ಸಲ ಹೇಳಿದರು. ನಾನು "ಅಯ್ಯೋ, ಅಯ್ಯೋ" ಎನ್ನುತ್ತಲೇ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಸೋಮವಾರ ಹೋಳಿಗೆಯೆಲ್ಲ ಕಹಿಯಾಯಿತು. ಅಂಕಣದಲ್ಲಿ ರೇಣುಕಾ ಒಬ್ಬಳೇ ಗೆರೆಯ ಮೇಲೆ ನಿಂತು ಬುಟ್ಟಿಗೆ ಚೆಂಡು ಎಸೆಯುತ್ತಿದ್ದಳು. ಕೊನೆಯ ಗಳಿಗೆಯಲ್ಲಿ ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕಿತ್ತಂತೆ. ಯಾರೂ ಅಡ್ಡ ಬರುವಂತಿಲ್ಲ, ನಿಂತು ಎಸೆಯುವುದಷ್ಟೇ. ಎರಡೂ ತಪ್ಪಿದವು. "ನನ್ನಿಂದ ಸೋತ್ವಿ ಸರ್," ಅಂದಳು, ನನ್ನ ಕಡೆ ತಿರುಗದೆ. "ದಿನಾ ಹಾಕೋ ಬಾಲು ಅದು. ಯಾಕ್ ತಪ್ಪಿತೋ ಗೊತ್ತಿಲ್ಲ." ಯಾಕೆ ತಪ್ಪಿತೆಂದು ನನಗೆ ಗೊತ್ತಿತ್ತು. ಅವಳೇ ಮುಂದುವರಿದು, "ಕಾಕಾ ನಿಮ್ ಜಾಗಕ್ಕ ಟವೆಲ್ ಹಾಸಿದ್ರು ಸರ್. ಮ್ಯಾಚ್ ಮುಗಿಯೋತನಕ ಯಾರನ್ನೂ ಕೂಡ್ರಗೊಡಲಿಲ್ಲ" ಅಂದಳು. ಮಿಕ್ಕ ನಾಲ್ಕು ಮೆಟ್ಟಿಲು ಖಾಲಿ ಇದ್ದವು, ಆ ಮಾತು ಬೇರೆ. ಆದರೂ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೊನೆಯ ಶನಿವಾರ ನಾನಿದ್ದೆ, ಕಾಕಾ ಇದ್ದರು, ಇಪ್ಪತ್ತೆಂಟು ಪಾಯಿಂಟಿನಿಂದ ಸೋತೆವು. ಸೀಜನ್ನೂ ಮುಗಿಯಿತು, ರೇಣುಕಾಳ ಆಟವೂ ಮುಗಿಯಿತು. ಎಲ್ಲರೂ ಹೋದರೂ ಅವಳು ಮಾತ್ರ ಮತ್ತೆ ಅದೇ ಗೆರೆಯ ಮೇಲೆ ನಿಂತು ಎಸೆಯುತ್ತಿದ್ದಳು, ಈಗ ಒಂದೂ ತಪ್ಪುತ್ತಿರಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ಕಾಕಾಗಾದರೂ ಹೇಳಿ ಹಗುರಾಗೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರೇ ನನ್ನ ಮೊಣಕಾಲ ಮೇಲೆ ಕೈ ಇಟ್ಟರು.

"ಸರ್, ಒಂದ್ ಮಾತು. ಯಾರ ಮುಂದೂ ಅನ್ನಬ್ಯಾಡ್ರಿ. ಆವತ್ತು ಸೋತಿದ್ದು ಆ ಕೂಸಿನಿಂದ ಅಲ್ರಿ, ನನ್ನಿಂದ."

"ನಿಮ್ಮಿಂದ ಹೆಂಗ್ರಿ?"

"ನಾಲ್ಕು ಪಾಯಿಂಟ್ ಮುಂದ ಇದ್ವಲ್ರಿ, ನನಗ ಭಾಳ ಕಸಿವಿಸಿ ಆತು. ಎರಡು ವರ್ಷ ಈ ಕಲ್ಲಿನ ಮ್ಯಾಲ ಕುಂತೋರು ನೀವು. ನಿನ್ನೆ ಮೊನ್ನೆ ಬಂದ ನಾನು ಗೆದ್ದಿದ್ದು ನೋಡೋದು, ನೀವು ತಪ್ಪಿಸ್ಕೊಳ್ಳೋದು, ಇದ್ಯಾವ ನ್ಯಾಯ ಅನ್ನಿಸ್ತು. ಹಂಪಿ ದಿಕ್ಕಿಗೆ ತಿರುಗಿ ಕೈ ಮುಗದುಬಿಟ್ಟೆ. ಎಪ್ಪಾ ವಿರೂಪಾಕ್ಷಾ, ಸರ್ ಇಲ್ಲ, ಇದೊಂದು ವಾರ ತಡಿ ಅಂದೆ. ಆ ಕೂಸಿನ ಎರಡೂ ಬಾಲು ತಪ್ಪಿದ್ವು ನೋಡ್ರಿ." ಅವರ ಕಣ್ಣಲ್ಲಿ ನೀರು ಬಂದಿತ್ತು.

ಒಂದೇ ವಿಷಯಕ್ಕೆ ಎರಡು ಕಡೆಯಿಂದ ಅರ್ಜಿ ಬಂದರೆ ಫೈಲು ಎಷ್ಟು ಬೇಗ ಓಡುತ್ತದೆಂದು ಸರ್ಕಾರಿ ಗುಮಾಸ್ತನಾದ ನನಗೆ ಹೇಳಿಕೊಡಬೇಕಿಲ್ಲ. ಅದೇ ದೇವರು, ಅದೇ ಗಳಿಗೆ, ಅದೇ ಬೇಡಿಕೆ. ನಾನು ಉರಿದು ಬೇಡಿದೆ, ಅವರು ನನಗಾಗಿ ಮರುಗಿ ಬೇಡಿದರು. ಈ ಮನುಷ್ಯನಿಗೆ ಸಾಸಿವೆಯಷ್ಟಾದರೂ ಹೊಟ್ಟೆಕಿಚ್ಚು ಇರಬಾರದೇ? ಮಾಡಿದ ಪಾಪ ಒಂದೇ ಆದರೂ ಅದರಲ್ಲೂ ನನಗಿಂತ ಮೇಲಾಗಿಬಿಟ್ಟರಲ್ಲ! ನನ್ನದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿ ತೆರೆದೆ. ಹೊರಬಿದ್ದ ಮಾತು ಇದು: "ಹೋಗ್ಲಿ ಬಿಡ್ರಿ ಕಾಕಾ. ಮನಸ್ಸಿಗೆ ಹಚ್ಕೋಬ್ಯಾಡ್ರಿ." ಹೌದು, ನಾನು ಅವರನ್ನು ಕ್ಷಮಿಸಿದೆ.

"ನೀವು ದೊಡ್ಡ ಮನುಷ್ಯಾರ್ರಿ ಸರ್," ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ರೇಣುಕಾ ಚೆಂಡಿನ ಚೀಲ ಹೊತ್ತು ಬಂದಳು. "ಯಾಕ್ ಕಾಕಾ, ಅಳಾಕತ್ತೀರಿ? ಮುಂದಿನ ವರ್ಷ ನನ್ ತಂಗಿ ಬರ್ತಾಳ ಟೀಮಿಗೆ. ನನಗಿಂತ ಎತ್ತರ ಅದಾಳ. ಅಕಿ ಗೆಲ್ಲಸ್ತಾಳ ನೋಡ್ರಿ. ನಾನೂ ಶನಿವಾರ ಬಂದು ಇಲ್ಲೇ ನಿಮ್ ಜೊತಿ ಕುಂದರ್ತೀನಿ." ಕಾಕಾನ ಮುಖ ಅರಳಿತು. ಹೆಗಲ ಮೇಲಿನ ಟವೆಲನ್ನು ತೆಗೆದು, ನನ್ನ ಜಾಗಕ್ಕೆ ಹಾಸಿದ್ದ ಅದೇ ಟವೆಲನ್ನು, ಅವಳಿಗಾಗಿ ಕಲ್ಲಿನ ಮೇಲೆ ಹಾಸಲು ನೋಡಿದರು. ನಮ್ಮಿಬ್ಬರ ನಡುವೆ ಜಾಗವಿರಲಿಲ್ಲ.

ರೇಣುಕಾ ನನ್ನ ಕಡೆ ತಿರುಗಿ, "ಸರ್, ಸ್ವಲ್ಪ ಸರೀರಿ" ಅಂದಳು.

ನಂಬರ್ ಒನ್ ಅಭಿಮಾನಿ ಸರಿದು ಕೂತ.