ರಕ್ತ ಹೇಳಿದ ಚಾಡಿ

ಪಕ್ಕದ ಮನೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಆಸೆ ನನಗೆ ಚಿಕ್ಕಂದಿನಿಂದಲೂ ಇದೆ. ನನ್ನ ಮೈಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಆಸೆ ಮಾತ್ರ ಹುಟ್ಟಿದ್ದು ನಲವತ್ತೈದಕ್ಕೆ. ಅದಕ್ಕೆ ಕಾರಣವಿತ್ತು. ನಮ್ಮಪ್ಪ ನಲವತ್ತಾರನೇ ವಯಸ್ಸಿನಲ್ಲಿ, ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡು ಉಂಡು, ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಂದಿನಿಂದ ನಲವತ್ತಾರು ಎಂದರೆ ನನಗೆ ಹೆದರಿಕೆ. ಬಸವಾಪಟ್ಟಣದ ನಮ್ಮ ಸೋದರಮಾವ ಬೇರೆ, "ಎಲ್ಲಾ ಆ ತುಪ್ಪದ್ದೇ ಕೆಲಸ ಕಣಪ್ಪ, ನೀನು ಹುಷಾರಾಗಿರು" ಎಂದು ಹೇಳಿ ಹೋಗಿದ್ದರು.

ಬೇರೆಯವರಾಗಿದ್ದರೆ ತುಪ್ಪ ಕಡಿಮೆ ಮಾಡುತ್ತಿದ್ದರು. ನಾನು ನ್ಯಾಮತಿಯ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಮನೋನಿಗ್ರಹ ಬೋಧಿಸಿ ಬೋಧಿಸಿ, ನನಗೆ ಅದು ಎಳ್ಳಷ್ಟೂ ಇಲ್ಲವೆಂದು ಚೆನ್ನಾಗಿ ಬಲ್ಲೆ. ಹಾಗಾಗಿ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮನೆದೇವರ ಮುಂದೆ ನಿಂತು ಹರಕೆಯನ್ನೇ ಹೊತ್ತುಬಿಟ್ಟೆ: ನಲವತ್ತಾರು ದಾಟುವ ತನಕ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಒಂದನ್ನೂ ಮುಟ್ಟುವುದಿಲ್ಲ. ಮೊದಲೇ ನಮ್ಮದು ಮೊಟ್ಟೆಯನ್ನೂ ಕಾಣದ ಮನೆ. ಹಿತ್ತಲಲ್ಲಿ ಎರಡು ಎಮ್ಮೆ ಹಾಲು ಕರೆಯುತ್ತಿದ್ದವು. ಅವ್ವನಿಗೂ ಮಕ್ಕಳಿಗೂ ಕೊಟ್ಟು ಮಿಕ್ಕ ಹಾಲು ಡೈರಿಗೆ ಹೋಗುತ್ತಿತ್ತು. ನಾನು ಕರೀ ಚಹಾ ಕುಡಿದು ವಿರಹಿಯಂತೆ ನಿಟ್ಟುಸಿರು ಬಿಡುತ್ತಿದ್ದೆ.

ಆರು ವರ್ಷ ಹೀಗೇ ನಡೆಯಿತು. ನಲವತ್ತೈದಕ್ಕೆ ಕಾಲು ಜೋಮು ಹಿಡಿಯತೊಡಗಿತು. ಅಪ್ಪ ಕರೆಯುತ್ತಿದ್ದಾರೆ ಎಂದುಕೊಂಡೆ. ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ. ಅಲ್ಲಿಗೆ ಹೊಸದಾಗಿ ಬಂದಿದ್ದ ಹರೆಯದ ಡಾಕ್ಟರು ತುಂಬಾ ಓದುವವರಂತೆ ಎಂದು ಕೇಳಿದ್ದೆ.

ಅಪ್ಪನ ಕಥೆಯನ್ನೆಲ್ಲ ಕೇಳಿ ಅವರು, "ಹೋಮೋಸಿಸ್ಟೀನ್ ಅಂತ ಒಂದು ಐತ್ರಿ ಮೇಷ್ಟ್ರೇ. ರಕ್ತದಾಗೆ ಅದು ಜಾಸ್ತಿಯಾದ್ರೆ ರಕ್ತನಾಳ ಕೆಡ್ತಾವೇನೋ ಅಂತ ಹೊರದೇಶದಾಗೆ ಕೆಲವರಿಗೆ ಅನುಮಾನ" ಎಂದರು.

"ಹಂಗಾದ್ರೆ ಅಳೀರಿ" ಎಂದು ನಾನು ಅಂಗಿಯ ತೋಳು ಮಡಿಸಿದೆ.

"ಅಳೆಯಾಕೆ ನಮ್ಮ ಕಡೆ ಎಲ್ಲೂ ಆಗಲ್ರಿ. ಆದ್ರೆ ಬಿ-ಹನ್ನೆರಡು ಅನ್ನೋ ವಿಟಮಿನ್ ಕಮ್ಮಿಯಾದ್ರೆ ಅದು ಏರುತ್ತಂತೆ. ಆ ವಿಟಮಿನ್ ಕಮ್ಮಿಯಾದ್ರೆ ರಕ್ತಕಣ ದಪ್ಪ ಆಗ್ತಾವೆ. ಅದನ್ನ ಇಲ್ಲೇ ನೋಡಬಹುದು."

ಬೆರಳಿನಿಂದ ಒಂದು ಹನಿ ತೆಗೆದು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಕಣಗಳು ಗುಂಡಗೆ, ಸಜ್ಜಪ್ಪದ ಹಾಗೆ ಉಬ್ಬಿಕೊಂಡಿದ್ದವು. ನಾನಂತೂ ಕಾಯಿಲೆಯನ್ನೇ ಮರೆತು ನೋಡುತ್ತಾ ನಿಂತೆ. ಡಾಕ್ಟರು, "ಹಾಲು ಮೊಸರು ತಿಂತೀರಾ?" ಎಂದರು. ಹರಕೆಯ ವಿಷಯ ಹೇಳಿದೆ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮಾಂಸ ಮೊಟ್ಟೆ ತಿನ್ನದವರಿಗೆ ಆ ವಿಟಮಿನ್ ಸಿಗುವುದೇ ಹಾಲು ಮೊಸರಿನಿಂದಂತೆ. ಕಾಲು ಜೋಮು ಹಿಡಿಯುವುದೂ ಅದರ ಕೊರತೆಯಿಂದಲೇ ಅಂತೆ. ಬದುಕಬೇಕೆಂದು ನಾನು ಬಿಟ್ಟಿದ್ದು ಅದನ್ನೇ.

"ಹರಕೆ ಮುರಿಯಾಕೆ ಆಗಲ್ವಲ್ರೀ" ಎಂದೆ.

"ಸೂಜಿಗೇನು ಹರಕೆ ಇಲ್ವಲ್ಲ? ಆ ವಿಟಮಿನ್ನಿಂದೇ ಕೆಂಪು ಇಂಜೆಕ್ಷನ್ ಬರೀತೀನಿ. ದೇವರ ಹತ್ರ ನೀವೇ ಮಾತಾಡ್ಕಳ್ಳಿ."

ಅಷ್ಟರಲ್ಲಿ ತಾನೂ ನೋಡಬೇಕೆಂದು ಎದ್ದ ಗಿರಿಜೆ ತಟ್ಟನೆ ಮೇಜು ಹಿಡಿದುಕೊಂಡಳು. ಕಾಲು ಜೋಮು ಎಂದಳು. ಡಾಕ್ಟರು ಅವಳದೂ ಒಂದು ಹನಿ ತೆಗೆದರು. ಅವಳ ಕಣಗಳು ನನ್ನವಕ್ಕಿಂತ ದಪ್ಪ.

"ನೀವೂ ಹಾಲು ಬಿಟ್ಟೀರೇನಮ್ಮ?"

"ಮತ್ತೆ? ಇವರು ಬಿಟ್ಟಿದ್ದನ್ನ ಇವರ ಎದುರಿಗೆ ಕುಂತು ಹೆಂಗೆ ತಿನ್ನಲ್ರಿ?"

"ಜೋಮು ಯಾವಾಗಿಂದ?"

"ಇವರಿಗಿಂತ ಒಂದು ವರ್ಷ ಮೊದಲೇ. ಇವರು ದಿನಾ ತಮ್ಮ ಕಾಲಿಂದೇ ಹೇಳ್ತಿರ್ತಾರೆ. ನಡುವೆ ನಂದು ಎಲ್ಲಿ ಹೇಳಲಿ?"

ಆರು ವರ್ಷ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೆ. ಅವಳ ತಟ್ಟೆಯ ಕಡೆ ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಗಿ, "ಮೊದಲ ಇಂಜೆಕ್ಷನ್ ಅವಳಿಗೇ ಹಾಕ್ರಿ" ಎಂದೆ. ಎಂಥ ಗಂಡ ಎಂಬಂತೆ ಡಾಕ್ಟರು ನನ್ನನ್ನು ಮೆಚ್ಚಿ ನೋಡಿದರು. ಗಿರಿಜೆ ಮೆಚ್ಚಲಿಲ್ಲ. ಸೆರಗು ಸರಿಮಾಡಿಕೊಂಡು ತೋಳು ಚಾಚುತ್ತಾ ಅವಳೆಂದಳು: "ನೋವಾಗುತ್ತೋ ಇಲ್ವೋ ನೋಡಾಕೆ ತಾನೆ ನನ್ನ ಮೊದಲು ಬಿಡೋದು? ಆಮೇಲೆ ಹೇಳ್ತೀನಿ, ಅಲ್ಲೀತನಕ ಹೊರಗೆ ಕುಂತಿರ್ರಿ."