ರಾಕ್ಷಸನ ಬಾಯಲ್ಲಿ ಮಾವನ ಹಲ್ಲು

ಮಾವ ತೀರಿಕೊಂಡ ಬೆಳಿಗ್ಗೆ ಅಳಿಯನಿಗೆ ನಿಜವಾಗಿಯೇ ಅಳು ಬಂದಿತ್ತು. ಅತ್ತೆ ಬಾಯಿ ತೆರೆದ ಕೂಡಲೇ ಅದು ಅರ್ಧಕ್ಕೇ ನಿಂತುಹೋಯಿತು.

"ಅಳಿಯಂದಿರೇ, ಅವರ ಹಲ್ಲಿನ ಡಬ್ಬಿ ತಗೊಂಡು ಬನ್ನಿ. ನಾಲ್ಕು ಗಂಟೆಗೆ ಜನ ನೋಡೋಕೆ ಬರ್ತಾರೆ. ಬೊಚ್ಚುಬಾಯಲ್ಲಿ ಅವರನ್ನ ಕಳಿಸಲ್ಲ ನಾನು."

ಡಬ್ಬಿ ಕಪಾಟಿನಲ್ಲೇ ಇತ್ತು. ಒಳಗೆ ಹಲ್ಲು ಇಲ್ಲವೆಂಬುದು ಅಳಿಯನಿಗೆ ಮುಚ್ಚಳ ತೆಗೆಯದೆಯೇ ಗೊತ್ತಿತ್ತು.

ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ನೌಕರ. ಶನಿವಾರ ಮಾತ್ರ ಅವನ ಕಸುಬು ಬೇರೆ. ಟೈಲರ್ ಅಂಗಡಿಯ ಮೇಜಿನ ಸುತ್ತ ನಾಲ್ಕು ಜನ ಕೂತು, ದಾಳ ಉರುಳಿಸಿ, ಬಾಯಲ್ಲೇ ಕತೆ ಕಟ್ಟಿ, ಗುಹೆಯೊಳಗಿನ ರಾಕ್ಷಸರ ಜೊತೆ ಹೊಡೆದಾಡುವ ಆಟ ಆಡುತ್ತಿದ್ದರು. ಒಬ್ಬ ಮಂತ್ರವಾದಿ, ಒಬ್ಬ ಬಿಲ್ಲುಗಾರ, ಒಬ್ಬ ಕಳ್ಳ. ನಾಲ್ಕನೆಯವನು ಅಳಿಯ; ಮೇಜಿನ ಮೇಲೆ ನಿಲ್ಲಿಸುವ ರಾಕ್ಷಸರನ್ನು ತಯಾರಿಸಿ ಆಡಿಸುವ ಕೆಲಸ ಅವನದು. ಅಂಗಡಿಯಲ್ಲಿ ಸಿಗುವ ಗೊಂಬೆಗಳ ಬೆಲೆ ಕೇಳಿದರೆ ರಾಕ್ಷಸನಿಗೇ ಜ್ವರ ಬರಬೇಕು. ಹಾಗಾಗಿ ಇವನು ಬಾಟಲಿ ಮುಚ್ಚಳ, ಹರಿದ ಕಾಲುಚೀಲ, ಮೊಟ್ಟೆಯ ಟ್ರೇ, ಸವೆದ ಟೂತ್‌ಬ್ರಶ್ಶು, ಬಿಸಿ ಅಂಟು ಇಷ್ಟರಲ್ಲೇ ಹೆಬ್ಬೆರಳೆತ್ತರದ ಒಂದು ಸೈನ್ಯ ಕಟ್ಟಿದ್ದ.

ಕೊನೆಗೆ ಹುಟ್ಟಿದವನು ಅವರೆಲ್ಲರ ರಾಜ, ಹೊಟ್ಟೆಬಾಕ. ಚಹಾದ ಕೆಟಲಿನಷ್ಟು ಗಾತ್ರ, ಮೈಯೆಲ್ಲ ಬಾಯಿ. ಆ ಬಾಯಿಗೆ ಹುರುಳಿ ಬೀಜ, ಮುರಿದ ಬಾಚಣಿಗೆ, ಅಂಗಿಯ ಗುಂಡಿ ಎಲ್ಲ ಅಂಟಿಸಿ ನೋಡಿದ. ಯಾವುದರಿಂದಲೂ ಹೆದರಿಕೆ ಹುಟ್ಟಲಿಲ್ಲ. ಇತ್ತ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಮಾವ ಮೆತ್ತಗಿನದನ್ನಷ್ಟೇ ತಿನ್ನುತ್ತಿದ್ದರು; ಅವರು ಕಟ್ಟಿಸಿದ ಹಲ್ಲು ಡಬ್ಬಿಯಲ್ಲಿ ಸುಮ್ಮನೆ ಬಿದ್ದಿತ್ತು. ಒಂದು ಮಧ್ಯಾಹ್ನ ಮಾವ ಗೊರಕೆ ಹೊಡೆಯುತ್ತಿದ್ದಾಗ ಅಳಿಯ ಅದನ್ನು ಎತ್ತಿಕೊಂಡ. ಕೋರೆಹಲ್ಲೆರಡನ್ನು ಅರದಿಂದ ಉಜ್ಜಿ ಚೂಪು ಮಾಡಿದ. ವಸಡಿಗೆ ಹೆಂಡತಿಯ ನೇರಳೆ ನೇಲ್ ಪಾಲಿಶ್ ಬಳಿದ. ಆಮೇಲೆ ಹೊಟ್ಟೆಬಾಕನನ್ನು ನೋಡಿ ಅವನೇ ಬೆಚ್ಚಿಬಿದ್ದ.

"ಸಿಕ್ತೇನ್ರೀ?" ಹೆಂಡತಿ ಹೊರಗಿನಿಂದ ಕೂಗಿದಳು.

"ಕೊಳೆಯಾಗಿದೆ. ತೊಳೆಸ್ಕೊಂಡು ಬರ್ತೀನಿ," ಎಂದವನೇ ಚಪ್ಪಲಿ ಮೆಟ್ಟಿದ.

ಮೆಟ್ಟಿಲ ಬಳಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಅಡ್ಡ ನಿಂತರು. ಮಾವನಿಗೆ ದಿನವೂ ಪೇಪರ್ ಓದಿ ಹೇಳುತ್ತಿದ್ದ ಗೆಳೆಯರು. ಊರ ಉಸಾಬರಿಯೆಲ್ಲ ಅವರದೇ.

"ಹೆಣ ಮನೇಲಿಟ್ಟು ಎಲ್ಲಿಗೆ ಹೊರಟ್ರಿ?"

"ಹಲ್ಲು ತೊಳೆಸೋಕೆ."

"ಇವತ್ತಾ? ನಾಳೆ ತೊಳೆಸ್ಕೊಂಡ್ರೆ ಆಗಲ್ವಾ ನೀವು?"

"ನನ್ನದಲ್ಲ ಮೇಷ್ಟ್ರೇ, ಮಾವಂದು!"

ಮೇಷ್ಟ್ರು ಕಟ್ಟಿಸಿದ ಹಲ್ಲು ತೊಳೆಯುವ ಕ್ರಮವನ್ನು ಪಾಠದಂತೆ ವಿವರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು.

ಟೈಲರ್ ಅಂಗಡಿಯಲ್ಲಿ ಹೊಟ್ಟೆಬಾಕ ಮಿಷನ್ನಿನ ಮೇಲಿನ ಹಲಗೆಯಲ್ಲಿ ಹಲ್ಲು ಕಿರಿದು ಕೂತಿದ್ದ. ವಿಷಯ ಕೇಳಿ ಟೈಲರ್ ಅವನನ್ನು ಎದೆಗವಚಿಕೊಂಡ.

"ನಾಳೆ ಆಟ ಗುರು! ಬಾಯಿ ಕಿತ್ರೆ ಇವನಲ್ಲಿ ಏನು ಉಳಿಯುತ್ತೆ?"

"ಅಲ್ಲಿ ಮಾವ ಬಾಯಿ ಕಳ್ಕೊಂಡು ಮಲಗಿದಾರೆ ಕಣೋ!"

"ಅಂದ್ರೆ ಇದು ನಿಜವಾದ..." ಟೈಲರ್ ಮುಖ ಕಿವುಚಿದ. "ಚೆನ್ನಾಗಿದಾನೆ ಅಂತ ಮುತ್ತು ಬೇರೆ ಕೊಟ್ಟಿದ್ದೆ."

ಅಂಟು ಜಗ್ಗಲಿಲ್ಲ. ಕತ್ತರಿ ಹಾಕಿದರು, ಚಾಕು ಹಾಕಿದರು. ಕಡೆಗೆ ಇಸ್ತ್ರಿಪೆಟ್ಟಿಗೆಯ ಶಾಖಕ್ಕೆ ಅಂಟು ಕರಗಿತು, ಜೊತೆಗೆ ಹೊಟ್ಟೆಬಾಕನೂ ಕರಗಿದ. ಆರು ವಾರದ ಕೆಲಸ ಕೈಯಲ್ಲಿ ಸುಟ್ಟ ಕಾಲುಚೀಲವಾಗಿ ಉಳಿದದ್ದು ನೋಡಿ ಅಳಿಯನಿಗೆ ಎರಡನೇ ಸಲ ಅಳು ಬಂತು. ಅಳಲು ಪುರುಸೊತ್ತಿರಲಿಲ್ಲ; ಅದನ್ನು ಅಂಗಡಿಯ ಕಸದ ಬುಟ್ಟಿಗೆ ಎಸೆದು ಹಲ್ಲನ್ನು ಕೈಗೆತ್ತಿಕೊಂಡ. ನೇರಳೆ ಬಣ್ಣವನ್ನು ಕೆರೆದ; ಸಂದಿಯಲ್ಲಿದ್ದದ್ದು ಹೋಗಲಿಲ್ಲ. ಚೂಪಾದ ಕೋರೆಗಳನ್ನು ಮೊಂಡು ಮಾಡುವಷ್ಟು ಸಮಯವೂ ಇರಲಿಲ್ಲ.

ಮನೆಗೆ ಬಂದಾಗ ಮೂರೂವರೆ. ಕೋಣೆಯ ಬಾಗಿಲು ಹಾಕಿಕೊಂಡು, "ತಪ್ಪಾಯ್ತು ಮಾವ, ಹೊಟ್ಟೆಗೆ ಹಾಕ್ಕೊಳ್ಳಿ," ಎನ್ನುತ್ತಾ ತಣ್ಣಗಿನ ಬಾಯಿಗೆ ಹಲ್ಲು ಕೂರಿಸಿದ. ಇಸ್ತ್ರಿಯ ಶಾಖಕ್ಕೆ ಸೊಟ್ಟಗಾಗಿದ್ದ ಹಲ್ಲು ಪೂರ್ತಿ ಒಳಗೆ ಕೂರಲಿಲ್ಲ. ಎರಡು ಕೋರೆಗಳು ಕೆಳತುಟಿಯ ಮೇಲೆ ಬಂದು ನಿಂತವು. ಮಾವನ ಮೀಸೆಯನ್ನು ಬಾಚಿ ಅವುಗಳ ಮೇಲೆ ಇಳಿಬಿಟ್ಟ.

ಅತ್ತೆ ಒಳಗೆ ಬಂದು ನೋಡಿ ಸೆರಗನ್ನು ಬಾಯಿಗೊತ್ತಿಕೊಂಡರು. "ಮದುವೆ ದಿನ ಹೀಗೇ ಇದ್ರು. ನಿಮ್ಮ ಉಪಕಾರ ಮರೆಯಲ್ಲ ಅಳಿಯಂದಿರೇ."

ನಾಲ್ಕಕ್ಕೆ ಜನ ತುಂಬಿದರು. ಗೆದ್ದೆ ಅಂದುಕೊಂಡು ಅಳಿಯ ಗೋಡೆಗೊರಗಿದ. ಆಗ ಮೇಷ್ಟ್ರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಎದ್ದು ನಿಂತರು.

"ಹೋದ ವಾರ ಅವರು ಬರೆದು ಕೊಟ್ಟಿದ್ದು. ಎಲ್ಲರೂ ಸೇರಿದ ಮೇಲೇ ಓದ್ಬೇಕು ಅಂದಿದ್ರು. ಒಂದು ನಿಮಿಷ ಮುಂಚೆ ಓದಿದವನಲ್ಲ ನಾನು." ಗಂಟಲು ಸರಿಮಾಡಿಕೊಂಡು ಓದಿದರು:

"ಅಳಿಯ ನನ್ನ ಹಲ್ಲು ಕದ್ದಾಗ ನಾನು ಎಚ್ಚರವಾಗಿದ್ದೆ. ಅವನಿಗೆ ಮುಜುಗರವಾಗಬಾರದೆಂದು ಗೊರಕೆ ಹೊಡೆದೆ. ಆಮೇಲೆ ಅವನಿಗೆ ತಿಳಿಯದಂತೆ, ಹಲ್ಲಿನ ಗುಟ್ಟನ್ನೂ ಹೇಳದೆ, ಮೇಷ್ಟ್ರ ಕೈಲಿ ಆ ರಾಕ್ಷಸನನ್ನು ಟೈಲರ್ ಅಂಗಡಿಯಿಂದ ತರಿಸಿ ನೋಡಿದೆ. ಜೀವಮಾನದಲ್ಲಿ ನನ್ನನ್ನು ಕಂಡು ಯಾರೂ ಹೆದರಲಿಲ್ಲ, ನನ್ನ ಹೆಂಡತಿಯಂತೂ ಇಲ್ಲವೇ ಇಲ್ಲ. ಅವನ ಬಾಯಲ್ಲಿ ನನ್ನ ಹಲ್ಲು ಕಂಡು ನನಗೇ ಭಯವಾಯಿತು, ಬಹಳ ಸಂತೋಷವಾಯಿತು. ಯಾವ ಕಾರಣಕ್ಕೂ ಆ ಹಲ್ಲು ಕೀಳಬೇಡಿ. ರಾಕ್ಷಸನನ್ನು ಹಾಗೇ ಇಡಿಯಾಗಿ ನನ್ನ ಪಕ್ಕದಲ್ಲಿಟ್ಟು ಕಳಿಸಿ. ನನ್ನದು ಇದೊಂದೇ ಆಸೆ."

ಎಲ್ಲರೂ ಅಳಿಯನನ್ನು ನೋಡಿದರು. ಆಮೇಲೆ ಮಾವನನ್ನು ನೋಡಿದರು. ಅತ್ತೆ ಎದ್ದು ಹೋಗಿ ಒಂದೇ ಬೆರಳಲ್ಲಿ ಆ ಮೀಸೆಯನ್ನು ಮೇಲಕ್ಕೆತ್ತಿದರು. ಮುಂದಿನ ಸಾಲಿನವರು ಕುರ್ಚಿ ಸಮೇತ ಹಿಂದೆ ಸರಿದರು.

"ಅಳಿಯಂದಿರೇ," ಅತ್ತೆಯ ದನಿ ಬಹಳ ತಣ್ಣಗಿತ್ತು. "ಅವರು ಕೇಳಿದ್ದನ್ನ ತಗೊಂಡು ಬನ್ನಿ."

ಅಳಿಯ ಬಾಗಿಲ ಬಳಿ ನಿಂತಿದ್ದ ಟೈಲರ್ ಕಡೆ ನೋಡಿದ. ಟೈಲರ್ ತಲೆ ತಗ್ಗಿಸಿದ. ಅಂಗಡಿಯ ಕಸವನ್ನು ಲಾರಿ ಮೂರು ಗಂಟೆಗೇ ಒಯ್ದಿತ್ತು.